ದುರಗಮ್ಮನವರು ಗಂಜಿ ಬಿಟ್ಟದ್ದು

ತಾವರಗೇರಾದ ದುರಗಮ್ಮನವರು ನಲವತ್ತು ವರ್ಷಗಳಿಂದ ಊರಿನ ಬಟ್ಟೆ ಒಗೆಯುತ್ತ ಬಂದವರು. ಅವರು ಸೋಡಾದಲ್ಲಿ ಕುದಿಸಿ, ಗಂಜಿ ಹಾಕಿ, ಇಸ್ತ್ರಿ ಮಾಡಿಕೊಟ್ಟ ಧೋತರವನ್ನು ಉಟ್ಟೇ ನಾನು ಸೋಮವಾರದ ಪ್ರವಚನ ಹೇಳಲು ಕೂಡುತ್ತೇನೆ. ಅಲ್ಲಿ ನನ್ನ ಮಾತಿಗಿಂತ ಮೊದಲು ಧೋತರಕ್ಕೆ ಗೌರವ ಸಲ್ಲುತ್ತದೆ.

ಈ ವರ್ಷ ಅವರ ಕೈಗೆ ಹುಡುಗಿಯರ ಕಬಡ್ಡಿ ತಂಡದ ಹನ್ನೆರಡು ಜೆರ್ಸಿಗಳು ಬಂದವು. ಅವಕ್ಕೂ ಆ ತಾಯಿ ಪ್ರೀತಿಯಿಂದ ಗಂಜಿ ಹಾಕಿದರು. ಒಣಗಿದಾಗ ಹಪ್ಪಳದಂತೆ ಗರಿಗರಿ, ಸೋಪಿನ ಪರಿಮಳ ಬೇರೆ. ಆದರೆ ಹುಡುಗಿಯರು ಆಟಕ್ಕಿಳಿದು ಬೆವರಿದ್ದೇ ತಡ, ಹಳಸಿದ ಅನ್ನದ ವಾಸನೆ ಎದ್ದಿತು.

ತರಬೇತಿ ಕೊಡುವ ವಾಣಿಶ್ರೀ ಮರುದಿನವೇ ಗಂಟು ತಂದಿಟ್ಟರು.

"ನಾವು ಗೆದ್ವಿ, ಖರೆ. ಆದ್ರ ಮೂಗು ಮುಚ್ಕೊಂಡು ಗೆದ್ವಿ ನೋಡ್ರಿ ಅಮ್ಮಾ."

"ಗೆದ್ದೀರಲ್ಲ, ಮತ್ಯಾಕ ತಕರಾರು?"

"ಐತವಾರ ಕುಷ್ಟಗ್ಯಾಗ ಫೈನಲ್ ಐತಿ. ಅವತ್ತೂ ಹಿಂಗಾದ್ರ ಗಂಗಾವತಿ ಮಷಿನ್ ಅಂಗಡಿಗೆ ಕೊಡ್ತೀನ್ರಿ. ಸಿಟ್ಟಾಗಬ್ಯಾಡ್ರಿ."

ನಲವತ್ತು ವರ್ಷದ ಕೈಯನ್ನು ಯಂತ್ರವೊಂದು ಸೋಲಿಸುವುದೇ? ದುರಗಮ್ಮನವರು ಸಿಟ್ಟಾಗಲಿಲ್ಲ. ಒಂದು ಜೆರ್ಸಿ ಹಿಡಿದು ನೆಟ್ಟಗೆ ಮರ್ದಾನಸಾಬರ ಕಿರಾಣಿ ಅಂಗಡಿಗೆ ನಡೆದರು.

"ದುರಗಕ್ಕ, ಇದು ಹತ್ತಿ ಅಲ್ಲ, ಪಾಲಿಯೆಸ್ಟರ್," ಎಂದರು ಸಾಬರು. "ಗಂಜಿ ಕುಡಿಯಂಗಿಲ್ಲ, ಮ್ಯಾಲೆ ಕುಂಡರತೈತಿ. ಅದರ ಕೆಳಗ ಬೆವರು ಮನಿ ಮಾಡತೈತಿ."

ದುರಗಮ್ಮನವರು ಎರಡು ಗಾಜಿನ ಲೋಟಗಳಲ್ಲಿ ಬೋರ್‌ವೆಲ್ಲಿನ ಗಡಸು ನೀರು ತರಿಸಿದರು. ಒಂದರಲ್ಲಿ ಸೋಪಿನ ಪುಡಿ ಕಲಸಿದರು. ಅದು ಕರಗದೆ ಬೆಳ್ಳಗೆ ತಳದಲ್ಲಿ ಕೂತಿತು. ಇನ್ನೊಂದರಲ್ಲಿ ಪರಿಮಳವಿಲ್ಲದ ಲಿಕ್ವಿಡ್ ಸೋಪು ಹಾಕಿದರು. ಅದು ಪೂರ್ತಿ ಕರಗಿತು. ಎರಡನೆಯದನ್ನೇ ಆರಿಸಿದರು. ಹಳೆಯ ವಾಸನೆ ಬಿಡಿಸಲೆಂದು ಸಾಬರು ಗೋಬಿ ಮಂಚೂರಿಗೆ ಹಾಕುವ ವಿನೆಗರನ್ನೂ ಕೊಟ್ಟು, "ಸೋಪು ಅರ್ಧ ಮುಚ್ಚಳ ಸಾಕು. ನೊರಿ ನೋಡಿ ಖುಷಿ ಪಡಬ್ಯಾಡ," ಎಂದರು.

ಜೆರ್ಸಿಗಳನ್ನು ಒಳಮೈ ಹೊರಗೆ ಮಾಡಿ, ವಿನೆಗರ್ ಬೆರೆಸಿದ ತಣ್ಣೀರಿನಲ್ಲಿ ನೆನೆಸಿ, ಆಮೇಲೆ ಸೋಪಿನಲ್ಲಿ ಒಗೆದು, ನೀರು ತಿಳಿಯಾಗುವವರೆಗೆ ಜಾಲಿಸಿ ನೆರಳಿಗೆ ಹಾಕಿದ್ದಾಯಿತು. ಒಣಗಿದ ಬಟ್ಟೆಯನ್ನು ಮೂಸಿ ಮೋಸಹೋಗುವ ಹೆಣ್ಣು ಅವರಲ್ಲ ಈಗ. ಒಂದು ಜೆರ್ಸಿಯನ್ನು ತಾವೇ ತೊಟ್ಟು, ನಡುಮಧ್ಯಾಹ್ನ ಇದ್ದಿಲ ಇಸ್ತ್ರಿ ಹಿಡಿದು ಎರಡು ತಾಸು ನಿಂತರು. ಬೆವರು ಧಾರೆಯಾಗಿ ಇಳಿಯಿತು.

ಸೊಸೆ ಶಿವಲಿಂಗಮ್ಮ ಬಿದ್ದುಬಿದ್ದು ನಕ್ಕಳು. "ಅತ್ತಿ, ಏಳು ನಂಬರ್ ನೀವೇನ್ರಿ? ರೇಡ್‌ಗೆ ಯಾವಾಗ ಹೊಂಟೀರಿ?"

"ಬಾಯಿ ಮುಚ್ಚು, ಮೂಗು ತೆರಿ. ಮೂಸಿ ಹೇಳು."

ಶಿವಲಿಂಗಮ್ಮ ಮೂಸಿದಳು. ನಗು ನಿಂತಿತು. "ಇವತ್ತಿನ ಬೆವರು ಐತ್ರಿ. ನಿನ್ನೀದು ಇಲ್ಲ."

ಬಂಧುಗಳೇ, ನಾವು ಹಳೆಯ ತಪ್ಪನ್ನು ತೊಳೆಯದೆ ಅದರ ಮೇಲೆ ಎಷ್ಟೊಂದು ಗಂಜಿ ಹಾಕಿಕೊಂಡು ದೇವರ ಮುಂದೆ ಕೂಡುತ್ತೇವೆ! ಆ ತಾಯಿಗೆ ಅಂಥ ಹಟವಿರಲಿಲ್ಲ. ಅರಿವಾದ ದಿನವೇ ಬಿಟ್ಟರು.

ಐತವಾರ ನಮ್ಮ ಹುಡುಗಿಯರು ಕುಷ್ಟಗಿಯಲ್ಲಿ ಮೂರು ಅಂಕಗಳಿಂದ ಗೆದ್ದರು. ವಾಣಿಶ್ರೀ ಮೊದಲು ಕಪ್ಪಿಗೆ ಕೈ ಚಾಚಲಿಲ್ಲ. ತೊಯ್ದು ತೊಪ್ಪೆಯಾದ ಜೆರ್ಸಿಯೊಂದನ್ನು ಇಸಿದುಕೊಂಡು ಮೂಗಿಗೆ ಹಿಡಿದರು. ತಂಡದ ಜೊತೆ ಬಂದಿದ್ದ ದುರಗಮ್ಮನವರು ಹತ್ತಿರ ಬಂದು ನಿಂತರು.

"ಅಮ್ಮಾ, ಇನ್ ಮ್ಯಾಲೆ ಯಾವ ಮಷಿನ್ನೂ ಬ್ಯಾಡ. ನೀವೇ ಒಗೀರಿ."

ಸೋತ ತಂಡದ ನಾಯಕಿಯೂ ಹತ್ತಿರ ಬಂದಳು. "ನಮ್ಮವೂ ತಗೋತೀರೇನ್ರಿ?"

"ತಗೋತೀನವ್ವ. ಆದ್ರ ಹಸಿ ಬಟ್ಟಿ ಗಂಟು ಕಟ್ಟಿ ತಂದೀ ಅಂದ್ರ ಹೊಳ್ಳಿ ಕಳಸ್ತೀನಿ," ಎಂದರು ದುರಗಮ್ಮನವರು.

ಹಿಂದಿರುಗುವಾಗ ಟಂಟಂ ಗಾಡಿಯ ಕಂಬಿಗಳ ತುಂಬ ಹನ್ನೆರಡು ಜೆರ್ಸಿಗಳು ಗಾಳಿಗೆ ಬಡಿದಾಡುತ್ತಿದ್ದವು. ದುರಗಮ್ಮನವರು ಚಾಲಕನ ಪಕ್ಕದಲ್ಲಿ ಕಪ್ಪನ್ನು ಮಡಿಲಲ್ಲಿಟ್ಟುಕೊಂಡು ಕುಳಿತಿದ್ದರು.