ಮೈಲೋ ಮುಟ್ಟದ ಚಕ್ರ

ನಮ್ಮೂರಿನ ಟೈರಿನವನು ಮೈಲೋ ಬ್ರಾಬೆಕ್. ನೆಬ್ರಾಸ್ಕಾದ ಈ ಮರಳುಗುಡ್ಡಗಳ ಸೀಮೆಯಲ್ಲಿ ಐವತ್ತು ಮೈಲಿ ಸುತ್ತಿಗೆ ಅವನೊಬ್ಬನೇ. ಟ್ರ್ಯಾಕ್ಟರು, ಶಾಲೆಯ ಬಸ್ಸು, ಪಾದ್ರಿಯ ಕಾರು, ಎಲ್ಲವೂ ಅವನ ಬಾಗಿಲಿಗೇ ಬರಬೇಕು. ಮದುವೆಯಾಗಲಿಲ್ಲ. ಬಲಗಿವಿ ಕೇಳಿಸುವುದಿಲ್ಲ. ಯಾರು ಏನು ತಂದರೂ ಆಗುವುದಿಲ್ಲ ಅನ್ನುವವನಲ್ಲ. ಬಳೆ ಚಕ್ರ ಒಂದನ್ನು ಬಿಟ್ಟು.

ಬಳೆ ಚಕ್ರ ಹಳೆಯ ಭಾರದ ಗಾಡಿಗಳದು. ಈಗಿನ ಚಕ್ರದ ಕಬ್ಬಿಣ ಒಂದೇ ತುಂಡು. ಅದು ಹಾಗಲ್ಲ. ಟೈರು ಕೂರಿಸಿದ ಮೇಲೆ ಹೊರಗಿನಿಂದ ಕಬ್ಬಿಣದ ಬಳೆಯೊಂದನ್ನು ಸುತ್ತಿಗೆಯಲ್ಲಿ ಬಡಿದು ಸಂದಿಗೆ ಇಳಿಸಬೇಕು. ಆ ಬಳೆಯೇ ಟೈರನ್ನು ಹಿಡಿದಿರುತ್ತದೆ. ಸರಿಯಾಗಿ ಕೂತರೆ ಹತ್ತು ವರ್ಷ ಏನೂ ಆಗುವುದಿಲ್ಲ. ಕೂರದಿದ್ದರೆ ಗಾಳಿ ತುಂಬುವಾಗ ಹಾರುತ್ತದೆ. ನಮ್ಮ ಗಂಡಸರು ಅದಕ್ಕೆ ವಿಧವೆ ಮಾಡುವ ಚಕ್ರ ಎಂದು ಹೆಸರಿಟ್ಟಿದ್ದರು. ಹೇಳಿ ನಗುತ್ತಿದ್ದರು.

ನನ್ನ ಗಂಡ ಡೆಲ್ಮರನ ಗಾಡಿಗೆ ಅಂಥವೇ ನಾಲ್ಕು. ಅರವತ್ತಾರನೇ ಇಸವಿಯ ಪಿಕಪ್, ಒಂದು ಟನ್ನಿನದು. ಅದರ ಚಕ್ರ ಅವನೇ ಬಿಚ್ಚುತ್ತಿದ್ದ, ಅವನೇ ಹಾಕುತ್ತಿದ್ದ.

ಡೆಲ್ಮರ್ ಮಾರ್ಚಿನಲ್ಲಿ ಹೋದ. ಚಕ್ರದಿಂದಲ್ಲ. ಹಾಸಿಗೆಯಲ್ಲೇ ಎದೆ ನಿಂತಿತು. ನಾನು ಕಾಫಿಗಿಟ್ಟು ಕರೆದೆ. ಬರಲಿಲ್ಲ. ಮತ್ತೆ ಕರೆದೆ.

ಅಕ್ಟೋಬರಿನಲ್ಲಿ ಹಿಂದಿನ ಎಡಚಕ್ರ ಗಾಳಿ ಬಿಡಲು ಶುರುವಾಯಿತು. ಹಿಮ ಬಿದ್ದರೆ ಎಂಬತ್ತು ಹಸುಗಳಿಗೆ ಹುಲ್ಲು ಆ ಗಾಡಿಯಲ್ಲೇ ಹೋಗಬೇಕು. ನನ್ನ ಪುಟ್ಟ ಕಾರು ಬಿಟ್ಟರೆ ಬೇರೆ ಗಾಡಿ ಇಲ್ಲ. ಮೆಲ್ಲಗೆ ಓಡಿಸಿಕೊಂಡು ಮೈಲೋನ ಅಂಗಡಿಗೆ ಹೋದೆ. ಅವನು ಬಾಗಿಲಲ್ಲೇ ಕೈ ಅಡ್ಡ ಹಿಡಿದ.

"ಒಳಗೆ ತರ್ಬೇಡ, ಓಪಲ್. ಅಲ್ಲೇ ನಿಲ್ಸು."

"ಒಂದೇ ಚಕ್ರ ಕಣೋ ಮೈಲೋ."

"ಒಂದಾದ್ರೂ ಅಷ್ಟೆ, ನಾಲ್ಕಾದ್ರೂ ಅಷ್ಟೆ. ನಾನು ಮುಟ್ಟಲ್ಲ."

"ಡೆಲ್ಮರ್ ಮುಟ್ತಿದ್ದ."

"ಅವನಿಗೂ ಹೇಳಿದ್ದೆ. ನಿನ್ ಕಾಫಿ ಕೊಚ್ಚೆ ಇದ್ದಂಗಿದೆ ಅಂತ ಬೈದು ಎದ್ದು ಹೋದ."

ಬೇರೆ ಚಕ್ರ ತಂದರೆ ಹಾಕಿಕೊಡುತ್ತೇನೆ ಎಂದು ರಟ್ಟಿನ ತುಂಡಿನ ಮೇಲೆ ಗುರುತು ಬರೆದುಕೊಟ್ಟ. ನಟ್ಟು ಹಾಕಲು ಎಂಟು ತೂತು. ಒಂದೇ ತುಂಡು. ಹದಿನಾರು ಇಂಚು. ಚಕ್ರದ ನಡುವಿನ ತೂತು ಎಷ್ಟಿರಬೇಕು ಎಂದು ಒಂದು ಕಡ್ಡಿ ಕತ್ತರಿಸಿಕೊಟ್ಟ. ನಾನು ಓದಿದ್ದು ಎಂಟನೇ ಕ್ಲಾಸು. ಅದು ಅವನಿಗೆ ಗೊತ್ತು. ಅದಕ್ಕೇ ಕಡ್ಡಿ.

"ಈ ನಾಲ್ಕು ಗುರ್ತೂ ಕೂಡಿ ಬಂದ್ರೆ ತಗೊಂಬಾ. ಮೂರೇ ಕೂಡಿದ್ರೆ ತರ್ಲೇಬೇಡ."

ಕಾರಿನಲ್ಲಿ ಮೂರು ಗುಜರಿ ಅಂಗಡಿ ಸುತ್ತಿದೆ. ಒಂದರಲ್ಲಿ ಆರು ತೂತಿನವು. ಇನ್ನೊಂದರಲ್ಲಿ ಕಡ್ಡಿ ಹೋಗಲಿಲ್ಲ. ಮೂರನೆಯದರಲ್ಲಿ ಕಳೆಯ ನಡುವೆ ನಾಲ್ಕು ಚಕ್ರ ಸಿಕ್ಕಿದವು. ಎಂಟು ತೂತು, ಒಂದೇ ತುಂಡು, ಕಡ್ಡಿಯೂ ಹೋಯಿತು. ತುಕ್ಕಿನಲ್ಲಿ ಅಂಕಿ ಕಾಣಲಿಲ್ಲ. "ಹದಿನಾರೇ ಅದು, ಇನ್ನೇನು ಇಪ್ಪತ್ತಿರತ್ತಾ?" ಎಂದ ಗುಜರಿಯವನು. ಮಾರ್ಚಿನಿಂದ ಈಚೆ ನಾನು ಮೊದಲ ಸಲ ಖುಷಿಯಾಗಿ ಕಾರು ಓಡಿಸಿದ್ದು ಆವತ್ತು.

ಮೈಲೋ ತಂತಿಯ ಬ್ರಷ್ಷಿನಿಂದ ತುಕ್ಕು ಉಜ್ಜಿದ. ಅಂಕಿಯ ಮೇಲೆ ಬೆರಳಾಡಿಸಿದ.

"ಹದಿನಾರೂವರೆ," ಎಂದ.

"ಅರ್ಧ ಇಂಚಿಗೆ ಏನಾಗತ್ತೆ?"

"ಇದರ ಮೇಲೆ ಹದಿನಾರರ ಟೈರು ಹತ್ತಿಬಿಡತ್ತೆ, ಓಪಲ್. ಹತ್ತತ್ತೆ, ಕೂರಲ್ಲ. ಕೂರ್ಲಿಲ್ಲ ಅಂತ ಇನ್ನಷ್ಟು ಗಾಳಿ ಹೊಡೀತೀವಿ. ಆಮೇಲೆ ಟೈರಿನ ಒಳಗಿನ ತಂತಿ ಕಿತ್ತುಹೋಗತ್ತೆ. ನೀನು ಸಾವು ತಪ್ಪಿಸ್ಕೊಳೋಕೆ ಹೋಗಿ ಇನ್ನೊಂದು ಸಾವನ್ನ ಗಾಡಿಲಿ ಹೇರ್ಕೊಂಡು ಬಂದಿದೀಯ."

ಈ ಚಕ್ರವನ್ನು ನಾನು ಬೇರೆ ಯಾರ ಹತ್ತಿರವಾದರೂ ಒಯ್ದಿದ್ದರೆ? ಅವನು ಬಗ್ಗಿ ಗಾಳಿ ಹೊಡೆದಿದ್ದರೆ?

ಆವತ್ತು ಮೈಲೋ ತನ್ನ ಅಣ್ಣನ ಮಾತೆತ್ತಿದ. ನನಗೆ ಊರವರಿಂದ ಗೊತ್ತಿತ್ತು, ಅವನ ಬಾಯಲ್ಲಿ ಕೇಳಿರಲಿಲ್ಲ. ಅಂಗಡಿ ಮೊದಲು ಅಣ್ಣ ಆಂಟನನದು. ಇಪ್ಪತ್ತಮೂರು ವರ್ಷದ ಹಿಂದೆ ಧಾನ್ಯದ ಲಾರಿಯೊಂದರ ಬಳೆ ಚಕ್ರ ಬಂತು. ಆಂಟನ್ ಗಾಳಿ ಹಾಕುತ್ತಿದ್ದ. ಮೈಲೋ ಎರಡು ಮಾರು ಆಚೆ, ನಟ್ಟು ಹುಡುಕುತ್ತ ಬಲಗಿವಿ ಅತ್ತ ಮಾಡಿ ನಿಂತಿದ್ದ.

"ಬಳೆ ಸೂರು ತೂತು ಮಾಡ್ಕೊಂಡು ಹೋಯ್ತು. ಆಂಟನ್ ನಿಂತೇ ಇದ್ದ ಅನ್ನಿಸ್ತು ಒಂದ್ ಗಳಿಗೆ." ಅಷ್ಟು ಹೇಳಿ ಎದ್ದ. "ನಾನೇ ಹುಡುಕ್ತೀನಿ ಚಕ್ರ. ನೀನು ಮನೇಗೆ ಹೋಗು. ಆ ಗಾಡಿ ಮುಟ್ಟಬೇಡ."

ಗಾಡಿ ಕೊಟ್ಟಿಗೆಯ ಮುಂದೆ ನಿಂತಿತು. ಚಕ್ರ ದಿನಕ್ಕಿಷ್ಟು ಕುಗ್ಗಿತು. ನಾನು ಕೋಳಿಗೂಡಿಗೆ ಹೋಗುವಾಗಲೂ ಅದರಿಂದ ದೂರ ಸುತ್ತಿ ಹೋಗುತ್ತಿದ್ದೆ.

ಡೆಲ್ಮರನ ತಮ್ಮ ಹಾರ್ಲನ್ ಪಕ್ಕದ ಜಮೀನಿನವನು. ಅರವತ್ತೆಂಟು ವರ್ಷ. ಅಣ್ಣ ಹೋದ ಮೇಲೆ ದಿನಾ ಬೆಳಿಗ್ಗೆ ಬಂದು ನನ್ನ ಹಸುಗಳನ್ನು ನೋಡುತ್ತಿದ್ದ. ಒಳ್ಳೆಯವನು. ಹೇಳಿದ ಮಾತು ಕೇಳುವವನಲ್ಲ.

"ಆ ಮೈಲೋ ಬಲೂನಿಗೂ ಹೆದರ್ತಾನೆ," ಎನ್ನುತ್ತಿದ್ದ. "ಅರ್ಧ ಗಂಟೆ ಕೆಲಸಕ್ಕೆ ಮೂರು ವಾರ! ಅಷ್ಟರಲ್ಲಿ ನಾನು ಕರು ಹಾಕ್ತಿದ್ದೆ."

"ಹಾಕು, ನೋಡೋಣ. ಚಕ್ರ ಮಾತ್ರ ಮುಟ್ಟಬೇಡ."

ಅವನು ಮುಟ್ಟಿದ. ನವೆಂಬರಿನ ಮೊದಲ ವಾರ ನಾನು ನೋಡುವಾಗ ಚಕ್ರ ಬಿಚ್ಚಿ ನೆಲದ ಮೇಲಿತ್ತು. ಟ್ಯೂಬಿಗೆ ತೇಪೆಯೂ ಬಿದ್ದಿತ್ತು. ಹಳೆಯ ಬಳೆ ತುಕ್ಕು ತಿಂದು ತೆಳುವಾಗಿದೆ ಎಂದು ಅವನು ಕೊಟ್ಟಿಗೆಯ ಹಿಂದಿನ ರಾಶಿಗೆ ಕೈ ಹಾಕಿದ್ದ. ನಮ್ಮ ಕಡೆ ಕಬ್ಬಿಣ ಬಿಸಾಡುವವರಿಲ್ಲ. ಪ್ರತಿ ಮನೆಯ ಹಿಂದೆ ಅಂಥದೊಂದು ರಾಶಿ. ಯಾವ ಗಾಡಿಯ ಯಾವ ಬಳೆಯೋ ದೇವರಿಗೇ ಗೊತ್ತು.

"ಇದು ಆ ಗಾಡೀದಲ್ಲ, ಹಾರ್ಲನ್."

"ಬಳೆ ಬಳೆನೇ ಕಣೇ. ನೋಡು, ಹೆಚ್ಚುಕಮ್ಮಿ ಸರಿಯಾಗೇ ಕೂರತ್ತೆ."

ಹೆಚ್ಚುಕಮ್ಮಿ. ಮೈಲೋನ ಅರ್ಧ ಇಂಚು ನೆನಪಾಯಿತು.

ಒಳಗೆ ಫೋನು ಬಡಿದುಕೊಂಡಿತು. ಮೈಲೋ. ಚರ್ಚಿನವರ ಬೇಸಿಗೆ ಶಿಬಿರದಲ್ಲಿ ಎಂಜಿನ್ ಸುಟ್ಟ ಪಿಕಪ್ ಒಂದಿದೆ, ಅದರ ಚಕ್ರ ಹದಿನಾರೇ, ತಾನೇ ಉಜ್ಜಿ ಅಂಕಿ ನೋಡಿದ್ದೇನೆ, ಬಿಚ್ಚಲು ಒಂದು ಕೈ ಬೇಕು, ಬಾ ಎಂದ. ನಾನು ಹೊರಗೋಡಿ ಹಾರ್ಲನನ ತೋಳು ಹಿಡಿದೆ.

"ಚಕ್ರ ಸಿಕ್ತು. ಮಧ್ಯಾಹ್ನಕ್ಕೆ ತರ್ತೀವಿ. ಅಲ್ಲೀತನಕ ಗಾಳಿ ಹಾಕಲ್ಲ ಅನ್ನು."

"ಆಯ್ತು ಹೋಗೇ ಮಾರಾಯ್ತಿ."

"ಹಾಕಲ್ಲ ಅನ್ನು."

"ಹಾಕಲ್ಲ ಅಂದ್ನಲ್ಲ!"

ನನ್ನ ಕಾರಿನಲ್ಲಿ ಹೋದೆ. ಚಕ್ರ ಬಿಚ್ಚಿದೆವು. ಮೈಲೋನ ಅಂಗಡಿಯಲ್ಲಿ ಒಂದೊಂದನ್ನೂ ಕಬ್ಬಿಣದ ಪಂಜರದೊಳಗೆ ಇಟ್ಟು ಹೊಸ ಟೈರಿಗೆ ಗಾಳಿ ತುಂಬಿದ. ನನ್ನನ್ನು ಬೀದಿಗೆ ಕಳಿಸಿದ್ದ. ಕಾರು ಅಲ್ಲೇ ಬಿಟ್ಟು ಅವನ ಲಾರಿಯಲ್ಲಿ ಹೊರಟೆವು. ಹನ್ನೊಂದೂವರೆ ಇರಬೇಕು. ನಮ್ಮ ಗೇಟಿನ ಹತ್ತಿರ ಅವನು ಗಾಜು ಇಳಿಸಿ ಎಡಗಿವಿ ಹೊರಗೆ ಹಾಕಿದ.

"ಅದೇನು ಸದ್ದು?"

ಗಾಳಿ ತುಂಬುವ ಕಂಪ್ರೆಸರಿನ ಸದ್ದು.

ಮೈಲೋ ಅಂಗಳದ ಆಚೆಯೇ ಲಾರಿ ನಿಲ್ಲಿಸಿದ. ಹಾರ್ಲನ್ ಕೊಟ್ಟಿಗೆಯ ಮುಂದೆ ಚಕ್ರದ ಮೇಲೆ ಬಗ್ಗಿದ್ದ. ಚಕ್ರಕ್ಕೆ ಒಂದೇ ಒಂದು ಸುತ್ತು ಸರಪಳಿ, ಅದೂ ಸಡಿಲ. ಗಾಳಿಯ ಪೈಪು ವಾಲ್ವಿಗೆ ಕಚ್ಚಿಕೊಂಡಿತ್ತು. ಅವನ ಕೈಯಲ್ಲಿ ಸುತ್ತಿಗೆ. ಬಳೆಯ ಮೇಲೆ ಬಡಿಯುತ್ತಿದ್ದ. ಗಾಳಿ ಹೋಗುತ್ತಿರುವಾಗಲೇ ಬಡಿಯುತ್ತಿದ್ದ.

ಕೂಗಿದೆ. ಕಂಪ್ರೆಸರಿನ ಗದ್ದಲದಲ್ಲಿ ಕೇಳಿಸಲಿಲ್ಲ. ಅವನತ್ತ ಓಡಲು ಹೊರಟವಳ ಕೋಟನ್ನು ಮೈಲೋ ಹಿಂದಿನಿಂದ ಹಿಡಿದೆಳೆದ. ಅವನ ಮುಖ ಸುಣ್ಣವಾಗಿತ್ತು. ಕಾಲು ಮುಂದೆ ಇಡಲು ಅವನಿಂದ ಆಗುತ್ತಿರಲಿಲ್ಲ. ಅದನ್ನು ನಾನು ಕಣ್ಣಾರೆ ಕಂಡೆ.

"ಚಕ್ರದ ಹತ್ರ ಹೋಗ್ಬೇಡ. ಕಂಪ್ರೆಸರ್ ಹತ್ರ ಹೋಗು. ಕೊಟ್ಟಿಗೆ ಹಿಂದಿಂದ. ಕಂಪ್ರೆಸರ್ ಕಡೆ ತುದೀಲಿ ಪೈಪು ಕಿತ್ತುಹಾಕು. ಟೈರಿನ ಗಾಳಿ ಪೈಪಲ್ಲೇ ವಾಪಸ್ ಬರತ್ತೆ."

ಕೊಟ್ಟಿಗೆ ಸುತ್ತಿ ಓಡಿದೆ. ಅರವತ್ತಾರರ ಮುದುಕಿ, ಗೊಬ್ಬರದಲ್ಲಿ ಜಾರುತ್ತ ಓಡಿದೆ. ಮಧ್ಯೆ ಗೋಡೆ ಅಡ್ಡ, ಹಾರ್ಲನ್ ಕಾಣುತ್ತಿರಲಿಲ್ಲ. ಸುತ್ತಿಗೆಯ ಸದ್ದು ಕೇಳುತ್ತಿತ್ತು. ಪ್ರತಿ ಏಟಿಗೂ ಇದೇ ಕಡೆಯದು ಅನ್ನಿಸುತ್ತಿತ್ತು. ಪೈಪಿನ ತುದಿಯ ಹಿತ್ತಾಳೆ ಕೊಂಡಿಯನ್ನು ಬಿಗಿಯಾಗಿ ಹಿಡಿದೆ. ಬೆರಳು ಜಾರಿತು. ಎರಡನೇ ಸಲ ಹಿಂದಕ್ಕೆಳೆದೆ. ಪೈಪು ಕೈಯಿಂದ ಚಿಮ್ಮಿ ನೆಲದ ಮೇಲೆ ಹಾವಿನಂತೆ ಹೊರಳಾಡಿ ಬುಸುಗುಟ್ಟಿತು. ಟೈರಿನೊಳಗಿನ ಗಾಳಿಯೆಲ್ಲ ನನ್ನ ಕಾಲ ಬುಡದಲ್ಲಿ ಹೊರಗೆ ಬಂತು. ಕಂಪ್ರೆಸರ್ ನಿಲ್ಲಿಸಿದೆ.

"ಯಾವನೋ ಅದು ಗಾಳಿ ಕಿತ್ತಿದ್ದು!" ಹಾರ್ಲನ್ ಅರಚಿದ.

ಬುಸುಗುಟ್ಟುವುದು ಪೂರಾ ನಿಂತ ಮೇಲೆಯೇ ಮೈಲೋ ಹತ್ತಿರ ಬಂದ. ಉದ್ದನೆಯ ಕೋಲಿನಿಂದ ಬಳೆಯ ಒಂದು ಕಡೆ ಮುಟ್ಟಿ ತೋರಿಸಿದ. ಅಲ್ಲಿ ಬಳೆ ಸಂದಿಯಿಂದ ಎದ್ದು ನಿಂತಿತ್ತು. ನನ್ನ ಕಿರುಬೆರಳು ತೂರುವಷ್ಟು.

"ಬಡಿದ್ರೆ ಕೂರತ್ತೆ ಅಂದ್ಕೊಂಡೆ," ಎಂದ ಹಾರ್ಲನ್. ಆಮೇಲೆ ಸುತ್ತಿಗೆ ಕೆಳಗಿಟ್ಟ. ನೆಲದ ಮೇಲೇ ಕೂತ. "ನೀನು ಬರೋದ್ರೊಳಗೆ ಮುಗಿಸಿ ನಗಿಸೋಣ ಅಂತಿದ್ದೆ, ಓಪಲ್."

"ಡೆಲ್ಮರೂ ಹೀಗೇ ಮಾಡ್ತಿದ್ನಾ?" ನಾನು ಕೇಳಿದೆ.

"ನನಗೆ ಕಲಿಸಿದ್ದೇ ಅವನು. ಕೂರ್ಲಿಲ್ಲ ಅಂದ್ರೆ ಗಾಳಿ ಬಿಟ್ಕೊಂಡೇ ಬಡೀತಿದ್ದ."

ಮೈಲೋ ಲಾರಿಯಿಂದ ಹೊಸ ಚಕ್ರ ಇಳಿಸಲು ಹೋದ.

ನಾನು ಅಡುಗೆಮನೆಗೆ ಬಂದೆ. ಮೂವರಿಗೆ ಆಲೂಗಡ್ಡೆ ಸುಲಿಯಬೇಕಿತ್ತು. ಆ ಕಿಟಕಿಯಿಂದ ಕೊಟ್ಟಿಗೆಯ ಮುಂಭಾಗ ಕಾಣುತ್ತದೆ. ನಲವತ್ತೊಂದು ವರ್ಷ ಸಂಸಾರ ಮಾಡಿದೆ. ಅದರಲ್ಲಿ ಇಪ್ಪತ್ತೆಂಟು ವರ್ಷ ಆ ಗಾಡಿ ಇತ್ತು. ಡೆಲ್ಮರ್ ಅಲ್ಲಿ ಬಗ್ಗಿ ಬಡಿಯುವಾಗೆಲ್ಲ ನಾನು ಇಲ್ಲಿ ಹೀಗೇ ಆಲೂಗಡ್ಡೆ ಸುಲಿಯುತ್ತಿದ್ದೆ. ಊಟ ತಣ್ಣಗಾಗುತ್ತದೆ ಎಂದು ಬೈಯುತ್ತಿದ್ದೆ. ಮಾರ್ಚಿನಿಂದ ದೇವರ ಮೇಲೆ ಸಿಟ್ಟಿತ್ತು, ಇಷ್ಟು ಬೇಗ ಕರೆದುಕೊಂಡೆಯಲ್ಲ ಎಂದು. ಆವತ್ತು ಸಿಟ್ಟು ಬರಲಿಲ್ಲ. ಭಯವಾಯಿತು. ಬಳೆ ಹಾರದೆ ಕಳೆದ ವರ್ಷಗಳನ್ನೆಲ್ಲ ನೆನೆದು ಭಯವಾಯಿತು. ಚಾಕು ಕೆಳಗಿಟ್ಟು ಪಾತ್ರೆ ತೊಳೆಯುವ ತೊಟ್ಟಿಯ ಅಂಚು ಹಿಡಿದು ನಿಂತೆ.

ಹೊರಗೆ ಮೈಲೋ ಹಾರ್ಲನನಿಗೆ ಗದರಿಸುತ್ತಿದ್ದ. "ನಟ್ಟು ಎದುರುಬದುರು ಬಿಗಿ ಮಾಡೋ, ಸಾಲಾಗಿ ಅಲ್ಲ." ಹಾರ್ಲನ್ ಬಾಯಿ ಮುಚ್ಚಿಕೊಂಡು ಬಿಗಿ ಮಾಡುತ್ತಿದ್ದ.