ನನಗೆ ಸಿಗದ ಬೈಗುಳ

ಕಳೆದ ಸೋಮವಾರ ಗುಡಿಯ ಕಟ್ಟೆಯ ಹತ್ತಿರ ಹುಡುಗರು ಹುಲ್ಲು ಹೊತ್ತಿಸಿ ಭಜನೆಗೆ ಬಾರಿಸುವ ದಮ್ಮಡಿಯನ್ನು ಬಿಗಿಯಾಗಲೆಂದು ಕಾಯಿಸುತ್ತಿದ್ದರು. ಬಿಸಿ ತೊಗಲಿನ ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಇರಕಲ್ಲಗಡದ ನಮ್ಮ ಓಣಿಯ ಭಜನೆಯ ಅಜ್ಜ ಕಣ್ಣೆದುರು ಬಂದು ಕೂತ. ಅವನ ಹಿಂದೆ, ಕರೆಯದಿದ್ದರೂ, ಆ ಪುಂಡನೂ ಬಂದ...

ಆಗ ನಿಜಾಮನ ಕಾಲ. ಕೊಪ್ಪಳದ ಸಂತೆಯಿಂದ ಮರಳುವ ಗಾಡಿಗಳನ್ನು ಗುಡ್ಡದ ತಿರುವಿನಲ್ಲಿ ಅಡ್ಡಗಟ್ಟಿ ಸುಲಿಯುವ ಪಡ್ಡೆ ಹುಡುಗರ ಗುಂಪೊಂದಿತ್ತು. ಅದರ ಮುಂದಾಳು ಈ ಪುಂಡ. ಅವನು ಸಿಕ್ಕಿಬಿದ್ದಾಗ ಅಜ್ಜ ತಾನೇ ಪೊಲೀಸ್ ಅಮೀನ ಸಾಹೇಬರ ಹತ್ತಿರ ಹೋಗಿ ಜಾಮೀನು ನಿಂತ. "ದಿನಾ ಸಂಜಿಕೆ ನನ್ನ ಭಜನ್ಯಾಗ ಕೂಡತಾನ್ರಿ. ತಪ್ಪಿದ್ರ ನನ್ನ ಒಳಗ ಹಾಕ್ರಿ" ಎಂದನಂತೆ. ಮೊದಲ ಸಂಜೆಯೇ ಅವನಿಗೆ ಬೈಗುಳ ಬಿತ್ತು. "ಲೇ ಖೋಡಿ! ಗಾಡಿ ತಡಿಯೋ ಕೈಗೆ ತಾಳ ಹಿಡಿಯಾಕ ಬರಂಗಿಲ್ಲೇನ?"

ಅಜ್ಜನ ಬೈಗುಳವೆಂದರೆ ನಮ್ಮಲ್ಲಿ ಸಣ್ಣ ಮಾತಲ್ಲ. ಅಜ್ಜ ಬೈದರೆ ಬಾಳು ಹಸನಾಗುತ್ತದೆಂದು ಜನ ನಂಬಿದ್ದರು. ಮದುವೆ ಗೊತ್ತಾದವರು, ಬಿತ್ತಲು ಹೊರಟವರು ತೆಂಗಿನಕಾಯಿ ಹಿಡಿದು ಬಂದು ಬೈಸಿಕೊಂಡು ಹೋಗುತ್ತಿದ್ದರು. ನಾನೋ ತಿಳಿವಳಿಕೆ ಬಂದಾಗಿನಿಂದ ಅಜ್ಜನ ಬಲಗಡೆ ಕೂತು ದಮ್ಮಡಿ ಬಾರಿಸಿದವನು. ನನಗೆ ಸಿಕ್ಕಿದ್ದು ಒಂದೇ ಮಾತು: "ನೀ ಶ್ಯಾಣ್ಯಾ ಅದಿಯಪಾ." ಜಾಣನೆಂದು ಹೊಗಳುವ ಆ ಶ್ಯಾಣ್ಯಾ ಎಂಬ ಶಬ್ದ ಕೇಳಿದರೆ ಇಂದಿಗೂ ಮೈ ಉರಿಯುತ್ತದೆ.

ಆ ಪುಂಡನಿಗೋ ತಾಳ ತಪ್ಪಿದರೆ ಬೈಗುಳ, ಸುಮ್ಮನೆ ಕೂತರೆ ಬೈಗುಳ, ರೊಟ್ಟಿ ಸಾಕೆಂದರೂ ಬೈಗುಳ. ನನಗೆ ಹೊಟ್ಟೆಕಿಚ್ಚು. ಸುಲಿದವನಿಗೆ ಹಬ್ಬ, ನೆಟ್ಟಗಿದ್ದವನಿಗೆ ಉಪವಾಸ! ಯಾವ ನ್ಯಾಯ ಇದು?

ಒಂದು ಸಂಜೆ ಅವನು ಬರಲಿಲ್ಲ. ಹಳೆಯ ಗುಂಪಿನವರು ಕರೆಯಲು ಬಂದಿದ್ದರೆಂದು ಓಣಿಯಲ್ಲಿ ಗುಸುಗುಸು. ನಾಯಿ ಬಾಲ ಎಂದಿದ್ದರೂ ಡೊಂಕೇ ಎಂದು ಒಳಗೊಳಗೇ ಹಿಗ್ಗಿ, ದಮ್ಮಡಿ ಕಾಯಿಸಿ ತಂದು ಕೂತೆ. ಅಜ್ಜ ಹಾಡು ಎತ್ತಲಿಲ್ಲ. "ತಡಿ, ಅಂವ ಬರ್ಲಿ" ಎಂದ. ನನ್ನ ಕೈಯಲ್ಲಿ ದಮ್ಮಡಿ ಆರಿ ಮೆತ್ತಗಾಯಿತು.

ಕೊನೆಗೆ ಬಂದ, ತುಟಿ ಒಡೆದುಕೊಂಡು, ಅಂಗಿ ಹರಿದುಕೊಂಡು. "ಅವ್ರ ಜೋಡಿ ಬರಂಗಿಲ್ಲ ಅಂದೆ ಅಜ್ಜಾರ... ಬಡದ್ರು." ಅಜ್ಜ ಹೆಗಲ ವಸ್ತ್ರದಿಂದ ರಕ್ತ ಒರೆಸುತ್ತ ಬೈದದ್ದೇ ಬೈದದ್ದು. "ಖೋಡಿ, ಮೂಳಾ, ನನ್ನ ಜೀವಾ ತಿನ್ನಾಕ ಹುಟ್ಟೀಯೇನಲೇ!" ಅಜ್ಜನ ಕಣ್ಣಲ್ಲಿ ನೀರಿತ್ತು. ಆ ಒಡೆದ ತುಟಿ ನನ್ನದಾಗಬಾರದಿತ್ತೇ ಎನಿಸಿತು.

ಅಜ್ಜ ಹಾಸಿಗೆ ಹಿಡಿದಾಗ ನಾಚಿಕೆ ಬಿಟ್ಟು ಕೇಳಿದೆ. "ಅಜ್ಜಾರ, ನನಗೂ ಒಂದೀಟು ಬೈರಿ."

ಅಜ್ಜ ನಕ್ಕ. "ನಿನಗ ಏನಂತ ಬೈಲಿ? ನೀ ಶ್ಯಾಣ್ಯಾ ಅದಿಯಪಾ..."

ಅಜ್ಜ ಹೋದ ಮೇಲೆ ಅವನ ಜಾಗದಲ್ಲಿ ಕೂತು ಹಾಡಿದವನು ಆ ಪುಂಡನೇ. ಒಮ್ಮೆ ನನ್ನ ತಾಳ ತಪ್ಪಿತು. "ಲೇ ಖೋಡಿ, ಲಕ್ಷ್ಯ ಎಲ್ಲೈತಿ?" ಎಂದ. ಥೇಟ್ ಅಜ್ಜನ ದನಿ. ಅಜ್ಜನ ನಾಲಿಗೆಯನ್ನೂ ಸುಲಿದುಕೊಂಡನಲ್ಲ ಎಂದು ಕುದಿದುಹೋದೆ... ಆದರೂ ಮರುದಿನ ಎಲ್ಲರಿಗಿಂತ ಮೊದಲು ಹೋಗಿ ಕೂತೆ.

ಹೋದ ವರ್ಷ ಅವನೂ ತೀರಿಕೊಂಡ. ಸೋಮವಾರ ಹುಡುಗರು ಬಿಸಿ ದಮ್ಮಡಿಯನ್ನು ನನ್ನ ಕೈಗಿತ್ತರು. ಬಾರಿಸಿದೆ. ಎಲ್ಲರಿಗೂ ಗೊತ್ತಾಗುವಂತೆ ತಾಳ ತಪ್ಪಿತು. ಕೈ ನಿಲ್ಲಿಸಿ ಕಾದೆ.

"ಛಲೋ ಆತ್ರಿ ಅಜ್ಜಾರ" ಎಂದರು.