ಪ್ಲಾಟ್‌ಫಾರ್ಮಿನಲ್ಲೇ ಉಳಿದ ವಾಸಣ್ಣ

ವಾಸಣ್ಣ ಸಿನಿಮಾ ನೋಡುತ್ತಿರಲಿಲ್ಲ, ಸಿನಿಮಾದೊಳಗಿನವರ ಜೊತೆ ಜಗಳವಾಡುತ್ತಿದ್ದರು. ಅದೂ ಒಂದೇ ಸಿನಿಮಾ, ಒಬ್ಬನೇ ಮನುಷ್ಯನ ಜೊತೆ. ಹಾಲಿವುಡ್ಡಿನ ಹಳೇ ಕಪ್ಪು ಬಿಳುಪು ಚಿತ್ರ ಅದು. ಅದರ ನಾಯಕ ತಲೆಗೆ ಹ್ಯಾಟು ಇಟ್ಟು ಸಿಗರೇಟು ಹಚ್ಚಿದನೆಂದರೆ ಸಾಕು, ಬರ್ ದುಬೈಯ ನಮ್ಮ ಕಟ್ಟಡದ ಮೂರನೇ ಮಾಳಿಗೆಯಲ್ಲಿ “ಮಂಡೆ ಸಮ ಇಲ್ವಾ ನಿಂಗೆ?” ಎಂಬ ಗರ್ಜನೆ ಕೇಳುತ್ತಿತ್ತು. ಎದುರು ಬಾಗಿಲಿನವರಾದ ನಮಗೆ ಅದೇ ಕರೆಗಂಟೆ. ನಾನೂ ನನ್ನ ಗಂಡನೂ ಚಹಾದ ಲೋಟ ಹಿಡಿದುಕೊಂಡೇ ಹೋಗಿ ಕೂರುತ್ತಿದ್ದೆವು.

ಚಿತ್ರದ ಕಥೆ ಇಷ್ಟೇ. ಹೆಂಡತಿ ಉಡುಪುಗಳ ವಿನ್ಯಾಸ ಮಾಡುವವಳು. ದೂರದ ಪಟ್ಟಣದಿಂದ ಅವಳಿಗೆ ದೊಡ್ಡ ಕೆಲಸದ ಕರೆ ಬರುತ್ತದೆ. ಗಂಡನಿಗೆ ಆ ಹೊತ್ತಿಗೆ ಇದ್ದ ಕೆಲಸವೂ ಹೋಗಿರುತ್ತದೆ. ರೈಲಿನ ಬಾಗಿಲಲ್ಲಿ ನಿಂತು ಅವಳು ಕೈ ಚಾಚುತ್ತಾಳೆ. ಅವನೋ, ಅವಳ ಟೋಪಿಯ ಡಬ್ಬಿ ಹಿಡಿದುಕೊಂಡು ಪ್ಲಾಟ್‌ಫಾರ್ಮಿನಲ್ಲೇ ನಿಂತುಬಿಡುತ್ತಾನೆ. ಆ ದೃಶ್ಯ ಬಂದಾಗ ವಾಸಣ್ಣ ಸೋಫಾದ ತುದಿಗೆ ಬರುತ್ತಿದ್ದರು. “ಹತ್ತು ಮಾರಾಯ, ಹತ್ತು! ಹೆಂಡ್ತಿ ಕರೀತಾ ಇದ್ದಾಳೆ, ಮತ್ತೆಂಥ ಬೇಕು ನಿಂಗೆ?” ರೈಲು ಹೊರಟುಹೋಗುತ್ತಿತ್ತು. ಕೊನೆಗೆ ಆ ಹೆಂಡತಿಯೇ ಕೆಲಸ ಬಿಟ್ಟು ಮನೆಗೆ ಬರುತ್ತಾಳಂತೆ. ಆ ಭಾಗವನ್ನು ವಾಸಣ್ಣ ನಮಗೆ ಒಮ್ಮೆಯೂ ತೋರಿಸಲಿಲ್ಲ. “ಅದು ಸುಳ್ಳು. ಅವಳು ಯಾಕೆ ಬರ್ಬೇಕು? ಇವ ಹೋಗ್ಬೇಕಿತ್ತು” ಎಂದು ಟೀವಿ ಆರಿಸುತ್ತಿದ್ದರು.

ವಾಸಣ್ಣ ಉಡುಪಿಯ ಕಡೆಯವರು. ರಾಸ್ ಅಲ್ ಖೋರಿನ ಒಂದು ಅಲ್ಯುಮಿನಿಯಂ ವರ್ಕ್‌ಶಾಪಿನಲ್ಲಿ ಕಿಟಕಿಗಳ ನಕ್ಷೆ ತೆಗೆಯುವ ಡ್ರಾಫ್ಟ್ಸ್‌ಮನ್. ಅವರ ಜೊತೆ ಊರು ಸುತ್ತುವುದು ಒಂದು ಶಿಕ್ಷೆ. ಎಲ್ಲರೂ ಕಟ್ಟಡದ ಎತ್ತರ ನೋಡಿದರೆ ಇವರು ರಸ್ತೆ ಮಧ್ಯೆ ನಿಂತು “ಆ ಹದಿನೇಳನೇ ಮಾಳಿಗೆಯಲ್ಲಿ ಎಡಗಡೆ ಕಿಟಕಿ ಉಂಟಲ್ಲ, ಅದು ನಂದು” ಎನ್ನುತ್ತಿದ್ದರು. ಹಿಂದಿನಿಂದ ಕಾರಿನವನು ಹಾರ್ನು ಹೊಡೆದರೂ ಲಕ್ಷ್ಯವಿಲ್ಲ.

ಹೆಂಡತಿ ಸುಗುಣಕ್ಕ ಅಬುಧಾಬಿಯ ಆಸ್ಪತ್ರೆಯೊಂದರಲ್ಲಿ ನರ್ಸ್, ವಾಸ ಅಲ್ಲಿನ ಹಾಸ್ಟೆಲಿನಲ್ಲಿ. ಒಂಬತ್ತು ವರ್ಷ ಅವರದು ವಾರಕ್ಕೊಂದು ದಿನದ ಸಂಸಾರ. ಆಗಿನ್ನೂ ಇಲ್ಲಿ ಶುಕ್ರವಾರ ರಜೆಯಿತ್ತು. ವಾಸಣ್ಣ ಬೆಳಿಗ್ಗೆಯೇ ದೇರಾದ ಮೀನು ಮಾರ್ಕೆಟಿಗೆ ಹೋಗಿ ಬಂಗುಡೆ ತಂದು, ತಾವೇ ಹುಳಿಖಾರದ ಪುಳಿಮುಂಚಿ ಮಾಡಿಟ್ಟು, ಇಸ್ತ್ರಿ ಮಾಡಿದ ಅಂಗಿ ತೊಟ್ಟು ಹೆಂಡತಿಯನ್ನು ಕರೆತರಲು ಬಸ್ ನಿಲ್ದಾಣಕ್ಕೆ ಹೋಗುತ್ತಿದ್ದರು. ಸಿನಿಮಾ ಅರ್ಧ ಆಗುವುದರೊಳಗೆ ಸುಗುಣಕ್ಕನಿಗೆ ನಿದ್ದೆ. ವಾರವಿಡೀ ನಿಂತು ಊದಿದ ಅವರ ಕಾಲುಗಳು ವಾಸಣ್ಣನ ತೊಡೆಯ ಮೇಲಿರುತ್ತಿದ್ದವು. ಅವರು ಒಂದು ಕೈಯಲ್ಲಿ ಕಾಲು ಒತ್ತುತ್ತ, ದನಿ ತಗ್ಗಿಸಿ ಆ ಹ್ಯಾಟಿನವನಿಗೆ ಬೈಯುವುದನ್ನು ನೋಡಬೇಕಿತ್ತು. ಇಂಥ ಗಂಡ ಎಷ್ಟು ಜನಕ್ಕೆ ಸಿಗುತ್ತಾನೆ ಎಂದು ನಾನು ನನ್ನ ಗಂಡನನ್ನು ಚುಚ್ಚಿದ್ದೂ ಉಂಟು.

ಆಮೇಲೆ ವರ್ಕ್‌ಶಾಪಿನ ನಕ್ಷೆಯ ವಿಭಾಗವನ್ನೇ ಮುಚ್ಚಿದರು. ನಕ್ಷೆಗಳೆಲ್ಲ ಬೇರೆಲ್ಲಿಂದಲೋ ಕಂಪ್ಯೂಟರಿನಲ್ಲಿ ಬರತೊಡಗಿದವಂತೆ. ವಾಸಣ್ಣನ ವೀಸಾ ಕ್ಯಾನ್ಸಲ್ ಆಯಿತು. ಈ ದೇಶದಲ್ಲಿ ಕೆಲಸ ಹೋಯಿತೆಂದರೆ ನಿಲ್ಲುವ ನೆಲವೂ ಹೋದ ಹಾಗೆಯೇ. ಗ್ರೇಸ್ ಎಂದು ಕೊಡುವ ಕೆಲವು ದಿನಗಳೊಳಗೆ ಬೇರೆ ವೀಸಾ ಆಗಬೇಕು, ಇಲ್ಲವೇ ವಿಮಾನ ಹತ್ತಬೇಕು.

ಅದೇ ತಿಂಗಳು ಸುಗುಣಕ್ಕ ವಾರ್ಡಿನ ಇನ್‌ಚಾರ್ಜ್ ಆದರು. ಆಸ್ಪತ್ರೆಯವರು ಎರಡು ಕೋಣೆಯ ಮನೆ ಕೊಟ್ಟರು. ಗಂಡನಿಗೆ ತಾವೇ ಸ್ಪಾನ್ಸರ್ ಆಗಿ ವೀಸಾ ಮಾಡಿಸಬಹುದೆಂದು ಅರ್ಜಿಯನ್ನೂ ಹಿಡಿದುಕೊಂಡೇ ಬಂದರು. ಅವರ ಮುಖದಲ್ಲಿ ಅಷ್ಟು ಸಂತೋಷವನ್ನು ನಾನು ನೋಡಿರಲೇ ಇಲ್ಲ. “ಇನ್ನು ಬಸ್ಸು ಕಾಯುದು ಬೇಡ. ಅಬುಧಾಬಿಯಲ್ಲಿ ಕಿಟಕಿಗಳು ಇಲ್ವಾ? ನಿಧಾನಕ್ಕೆ ಕೆಲಸ ಹುಡುಕಿ. ಮದುವೆ ಸರ್ಟಿಫಿಕೇಟ್ ಒಂದು ಕೊಡಿ, ಸಾಕು” ಎಂದರು.

ಸೀಲು, ಸ್ಟಾಂಪು ಎಲ್ಲ ಬಿದ್ದ ಮದುವೆಯ ಸರ್ಟಿಫಿಕೇಟ್ ವಾಸಣ್ಣನ ಬಳಿ ಇತ್ತು. ಹೆಂಡತಿಯನ್ನು ತಮ್ಮ ವೀಸಾದಲ್ಲಿ ಕರೆಸಲು ಹಿಂದೆ ಮಾಡಿಸಿದ್ದು. ಅಷ್ಟರೊಳಗೆ ಸುಗುಣಕ್ಕನಿಗೆ ಕೆಲಸ ಸಿಕ್ಕು ಅವರು ತಮ್ಮದೇ ವೀಸಾದಲ್ಲಿ ಬಂದಿಳಿದಿದ್ದರು. ವಾಸಣ್ಣ ಸೂಟ್‌ಕೇಸು ತೆರೆದರು, ಕಪಾಟು ತೆರೆದರು, ಕೊನೆಗೆ “ಊರಲ್ಲೆಲ್ಲೋ ಬಿಟ್ಟು ಬಂದಿರ್ಬೇಕು” ಎಂದರು. ದಿನಗಳು ಒಂದೊಂದಾಗಿ ಉರುಳಿದವು. ಸುಗುಣಕ್ಕ ಫೋನು ಮಾಡಿ ಕೇಳಿದಾಗೆಲ್ಲ “ಹುಡುಕಿಸ್ತಾ ಇದ್ದೇನೆ” ಎಂಬ ಉತ್ತರ.

ನನಗೆ ತಡೆಯಲಾಗಲಿಲ್ಲ. “ನಿಜ ಹೇಳಿ ವಾಸಣ್ಣ, ಆ ಪೇಪರ್ ಎಲ್ಲಿದೆ?” ಎಂದೆ.

ಅವರು “ವೀಸಾದಲ್ಲಿ ಅವಳ ಹೆಸರು ಬರ್ತದೆ ಮಾರಾಯ್ತಿ. ಬ್ಯಾಂಕಲ್ಲಿ, ಫೋನಿನ ಅಂಗಡಿಯಲ್ಲಿ, ಹೋದಲ್ಲೆಲ್ಲ ತೋರಿಸ್ಬೇಕು. ಹೆಂಡ್ತಿ ಸಾಕುವ ಗಂಡ ಅಂತ” ಎಂದರು.

“ನನ್ನ ವೀಸಾ ಇವತ್ತಿಗೂ ನನ್ನ ಗಂಡನ ಹೆಸರಲ್ಲೇ ಇದೆ. ನಾನೇನು ಸತ್ತೋದ್ನಾ?”

ವಾಸಣ್ಣ ಎದ್ದು ಹೋಗಿ ಸೂಟ್‌ಕೇಸಿಗೆ ಬಟ್ಟೆ ತುಂಬತೊಡಗಿದರು. ಗೆದ್ದೆ ಎಂದು ನನಗೆ ಎನಿಸಲಿಲ್ಲ.

ಮಂಗಳೂರಿನ ವಿಮಾನಕ್ಕೆ ಅವರನ್ನು ಬಿಡಲು ಹೋದವರು ನಾವೇ. ಸುಗುಣಕ್ಕ ಡ್ಯೂಟಿ ಬಿಟ್ಟು ಬರಲಿಲ್ಲ. ಬರಬೇಡ ಎಂದು ಇವರೇ ಹೇಳಿದ್ದರಂತೆ. ದಾರಿಯುದ್ದಕ್ಕೂ ಎಷ್ಟೋ ಕಟ್ಟಡಗಳು ಹಿಂದೆ ಸರಿದವು, ವಾಸಣ್ಣ ಒಂದನ್ನೂ ತೋರಿಸಲಿಲ್ಲ. ಒಳಗೆ ಹೋಗುವ ಮುಂಚೆ ಆ ಸಿನಿಮಾದ ಡಿವಿಡಿ ಡಬ್ಬಿಯನ್ನು ನನ್ನ ಕೈಗಿಟ್ಟು “ಇದು ನಿನ್ನ ಹತ್ರ ಇರ್ಲಿ” ಎಂದರು.

“ಅವನಿಗೆ ಅಷ್ಟು ಬೈತಿದ್ರಲ್ಲ ವಾಸಣ್ಣ” ಎಂದೆ. ನನಗೆ ಅಳು ಬಂದಿತ್ತು, ಸಿಟ್ಟೂ ಬಂದಿತ್ತು.

“ಬೈಲಿಕ್ಕೆ ಸುಲಭ. ನಿಂತು ನೋಡಿದ್ರೆ ಗೊತ್ತಾಗ್ತದೆ, ಕಾಲು ಏಳುದಿಲ್ಲ” ಎಂದು ಸೂಟ್‌ಕೇಸು ಎಳೆದುಕೊಂಡು ಹೋದರು.

ನಮ್ಮ ಮನೆಯಲ್ಲಿ ಡಿವಿಡಿ ಪ್ಲೇಯರ್ ಇರಲಿಲ್ಲ. ಡಬ್ಬಿ ಎರಡು ವರ್ಷ ಹಾಗೆಯೇ ಬಿದ್ದಿತ್ತು. ಈಚೆಗೆ ಮನೆ ಬದಲಿಸುವಾಗ ಮತ್ತೆ ಕೈಗೆ ಬಂತು. ವಾಸಣ್ಣನ ಪ್ಲೇಯರ್ ಸುಗುಣಕ್ಕನ ಬಳಿ ಇರುವುದು ನೆನಪಾಗಿ, ಒಂದು ಭಾನುವಾರ ಬಸ್ಸು ಹತ್ತಿ ಅಬುಧಾಬಿಗೆ ಹೋದೆ. ಎರಡು ಕೋಣೆಯ ಮನೆಯಲ್ಲಿ ಒಂದು ಕೋಣೆ ಖಾಲಿಯೇ ಇತ್ತು. “ಶುಕ್ರವಾರ ಫೋನ್ ಮಾಡ್ತಾರೆ. ಬಿಸಿಲು ಹೇಗುಂಟು ಅಂತ ಕೇಳ್ತಾರೆ. ಅಷ್ಟೇ” ಎಂದರು ಸುಗುಣಕ್ಕ.

ಡಿಸ್ಕು ತೆಗೆಯಲೆಂದು ಡಬ್ಬಿ ಬಿಚ್ಚಿದಾಗ ಒಳಗಿಂದ ಮಡಿಚಿದ ಕಾಗದವೊಂದು ನೆಲಕ್ಕೆ ಬಿತ್ತು. ಹಿಂದೆಲ್ಲ ಸೀಲುಗಳು, ಮುಂದೆ ಇಬ್ಬರ ಹೆಸರುಗಳು. ಆ ಸರ್ಟಿಫಿಕೇಟ್ ಎರಡು ವರ್ಷ ನನ್ನ ಕಪಾಟಿನಲ್ಲೇ ಇತ್ತಲ್ಲ! ಸುಗುಣಕ್ಕ ಅದನ್ನೆತ್ತಿ, ಮಡಿಕೆಗಳನ್ನು ತೊಡೆಯ ಮೇಲಿಟ್ಟು ನೇರ ಮಾಡಿದರು.

“ನಿನ್ನ ತಪ್ಪಲ್ಲ ಮಾರಾಯ್ತಿ. ಇವರು ಅಡಗಿಸಿದ್ದು ನಂಗೆ ಆವಾಗ್ಲೇ ಗೊತ್ತಿತ್ತು. ಇನ್ನೊಂದು ಕಾಪಿ ತೆಗೆಸ್ಲಿಕ್ಕೆ ಎಷ್ಟೊತ್ತು? ಬರುವ ಮನಸ್ಸು ಇಲ್ಲದವರನ್ನು ಪೇಪರ್ ಕೊಟ್ಟು ತರ್ಲಿಕ್ಕೆ ಆಗ್ತದಾ?”

ಆದರೂ ಸಿನಿಮಾ ಹಾಕಿದೆವು. ಸುಗುಣಕ್ಕ ಈ ಸಲ ನಿದ್ದೆ ಮಾಡಲಿಲ್ಲ. ಹ್ಯಾಟಿನವನು ಬಂದ, ಸಿಗರೇಟು ಹಚ್ಚಿದ, ಯಾರೂ ಬೈಯಲಿಲ್ಲ. ರೈಲಿನ ದೃಶ್ಯ ಬಂತು. ಬಾಗಿಲಲ್ಲಿ ಹೆಂಡತಿ ಕೈ ಚಾಚಿದಳು. ಅವನು ಡಬ್ಬಿ ಹಿಡಿದುಕೊಂಡು ನಿಂತ. ಪಕ್ಕದಲ್ಲಿ ಸುಗುಣಕ್ಕ ಮೆಲ್ಲಗೆ, ತಮಗೇ ಎಂಬಂತೆ ಹೇಳುವುದು ಕೇಳಿಸಿತು.

“ಹತ್ತಿ ಮಾರಾಯ್ರೇ, ಹತ್ತಿ.”

ರೈಲು ಹೊರಟಿತು. ಅವರು ಎದ್ದು ಹೋಗಿ ಟೀವಿ ಆರಿಸಿದರು.